ಹಸು, ಎಮ್ಮೆ ಕರು ಹಾಕುವ ದಿನವನ್ನು ಲೆಕ್ಕ ಹಾಕುವುದು ಹೇಗೆ?

ಹಸು ಗಬ್ಬವಾಗಿದೆ ಎಂದು ತಿಳಿದಿದ್ದರೂ, ಅದು ಯಾವಾಗ ಕರು ಹಾಕುತ್ತದೆ ಎಂದು ಕೇಳಿದರೆ ಅನೇಕ ರೈತರು ‘ಯುಗಾದಿಯ ಆಚೆ ಈಚೆ’ ಎಂದಷ್ಟೇ ಹೇಳುತ್ತಾರೆ. ಈ ಅಂದಾಜು ಒಂದು ತಿಂಗಳು ತಪ್ಪಿದರೂ ನಷ್ಟ ಸಣ್ಣದಲ್ಲ. ಹಾಲು ಬತ್ತಿಸಬೇಕಾದ ಕಾಲದಲ್ಲಿಯೂ ಕರೆಯುತ್ತಲೇ ಹೋದರೆ ಮುಂದಿನ ಸೂಲಿನ ಹಾಲು ಕಡಿಮೆಯಾಗುತ್ತದೆ. ಯಾರೂ ನೋಡದ ರಾತ್ರಿಯಲ್ಲಿ ಹೆರಿಗೆ ಕಷ್ಟವಾದರೆ ಹಸು, ಕರು ಎರಡಕ್ಕೂ ಅಪಾಯ. ಇದನ್ನು ತಪ್ಪಿಸಲು ಬೇಕಾದುದು ಒಂದೇ: ಹೋರಿ ಕೊಡಿಸಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕವನ್ನು ಅಂದೇ ಬರೆದಿಡುವುದು.

ಲೆಕ್ಕ ಹಾಕುವ ಕ್ರಮ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಸುಲಭವಾಗಿ ಹೇಳುವುದಾದರೆ, ಗರ್ಭಧಾರಣೆಯ ದಿನಾಂಕಕ್ಕೆ ಹಸುವಿಗೆ 9 ತಿಂಗಳು ಒಂದು ವಾರ, ಎಮ್ಮೆಗೆ 10 ತಿಂಗಳು ಒಂದು ವಾರ ಕೂಡಿಸಬೇಕು. ಜನವರಿ 10ರಂದು ಗರ್ಭಧಾರಣೆ ಮಾಡಿಸಿದ್ದರೆ ಹಸು ಅಕ್ಟೋಬರ್ 17ರ ಸುಮಾರಿಗೆ, ಎಮ್ಮೆ ನವೆಂಬರ್ 17ರ ಸುಮಾರಿಗೆ ಕರು ಹಾಕುತ್ತದೆ. ತಳಿಗೆ ತಕ್ಕಂತೆ ಕೆಲವು ದಿನ ಹಿಂದು ಮುಂದಾಗುವುದು ಸಹಜ.

ಎರಡು ಮೂರು ಬಾರಿ ಗರ್ಭಧಾರಣೆ ಮಾಡಿಸಿದ್ದರೆ ಕೊನೆಯ ದಿನಾಂಕದಿಂದ ಲೆಕ್ಕ ಹಾಕಬೇಕು. ಆದರೆ ಗಬ್ಬವಾದ ಹಸುವೂ ಅಪರೂಪಕ್ಕೆ ಬೆದೆಯ ಲಕ್ಷಣ ತೋರುವುದುಂಟು. ಆದ್ದರಿಂದ ಹಿಂದಿನ ದಿನಾಂಕಗಳನ್ನೂ ಅಳಿಸದೆ ಇಟ್ಟುಕೊಳ್ಳುವುದು ಒಳ್ಳೆಯದು.

ಗಬ್ಬ ನಿಂತಿದೆಯೇ?

ಗರ್ಭಧಾರಣೆಯಾದ 18ರಿಂದ 24ನೆಯ ದಿನದವರೆಗೆ ಹಸುವನ್ನು ಬೆಳಿಗ್ಗೆ, ಸಂಜೆ ಗಮನಿಸಬೇಕು. ಮತ್ತೆ ಬೆದೆಗೆ ಬಂದರೆ ಸಾಮಾನ್ಯವಾಗಿ ಗಬ್ಬ ನಿಂತಿಲ್ಲವೆಂದು ಅರ್ಥ. ಬೆದೆಗೆ ಬರಲಿಲ್ಲವೆಂದ ಮಾತ್ರಕ್ಕೆ ಗಬ್ಬವೆಂದು ನಂಬಕೂಡದು. ಎಮ್ಮೆಗಳಲ್ಲಂತೂ ಬೆದೆ ಕಣ್ಣಿಗೆ ಬೀಳದೆ ಹೋಗುವುದು ಹೆಚ್ಚು. ಎರಡರಿಂದ ಮೂರು ತಿಂಗಳೊಳಗೆ ಪಶುವೈದ್ಯರಿಂದ ತಪಾಸಣೆ ಮಾಡಿಸಬೇಕು. ಇಲ್ಲದಿದ್ದರೆ ಬರಿದಾದ ಹಸುವನ್ನು ಗಬ್ಬವೆಂದು ತಿಂಗಳುಗಟ್ಟಲೆ ಸಾಕಿದಂತಾಗುತ್ತದೆ.

ಕೊನೆಯ ಎರಡು ತಿಂಗಳು

ಹೊಟ್ಟೆಯೊಳಗಿನ ಕರುವಿನ ಬೆಳವಣಿಗೆಯಲ್ಲಿ ಹೆಚ್ಚಿನ ಭಾಗ ಕೊನೆಯ ಮೂರು ತಿಂಗಳಲ್ಲಿಯೇ ಆಗುತ್ತದೆ. ಕರು ಹಾಕುವ ದಿನಕ್ಕೆ 60 ದಿನ ಮೊದಲು ಹಾಲು ಬತ್ತಿಸಬೇಕು. ಮೇಲಿನ ಉದಾಹರಣೆಯ ಹಸುವಿಗೆ ಇದು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಮೊದಲು ಕೈತಿಂಡಿ ಕಡಿಮೆ ಮಾಡಿ ಹಾಲು ಕರೆಯುವುದನ್ನು ನಿಲ್ಲಿಸಬೇಕು. ಹಿಂದೆ ಕೆಚ್ಚಲು ಬಾವು ಬಂದಿದ್ದರೆ ಪಶುವೈದ್ಯರ ಸಲಹೆ ಪಡೆಯಬೇಕು. ಹಾಲು ಬತ್ತಿದ ಮೇಲೆ ಹಸಿರು ಮೇವಿನೊಂದಿಗೆ ದಿನಕ್ಕೆ 1ರಿಂದ 1.5 ಕಿಲೋ ಕೈತಿಂಡಿಯನ್ನು ಹೆಚ್ಚಾಗಿ ಕೊಡಬೇಕು. ಇಂಥ ಹಸುವನ್ನು ಓಡಿಸುವುದು, ಜಾರುವ ನೆಲದಲ್ಲಿ ಕಟ್ಟುವುದು ಕೂಡದು.

ದಿನ ಹತ್ತಿರವಾದಾಗ

ಲೆಕ್ಕದ ದಿನಕ್ಕೆ ಎರಡು ವಾರ ಮುಂಚೆಯೇ ಹಸುವನ್ನು ಬೇರೆಯಾಗಿ, ಒಣಹುಲ್ಲು ಹಾಸಿದ ಶುಚಿಯಾದ ಸ್ಥಳದಲ್ಲಿ ಕಟ್ಟಬೇಕು. ಕೆಚ್ಚಲು ತುಂಬಿಕೊಳ್ಳುವುದು, ಬಾಲದ ಬುಡದ ಇಕ್ಕೆಲಗಳು ಸಡಿಲವಾಗಿ ಕುಸಿಯುವುದು, ಯೋನಿದ್ವಾರ ಊದಿ ಲೋಳೆ ಸೋರುವುದು ಹೆರಿಗೆ ಸಮೀಪಿಸಿದ ಲಕ್ಷಣಗಳು. ನೀರಿನ ಚೀಲ ಕಾಣಿಸಿಕೊಂಡು ಒಂದೆರಡು ಗಂಟೆ ಕಳೆದರೂ ಕರು ಹೊರಬರದಿದ್ದರೆ ಬಲವಾಗಿ ಎಳೆಯದೆ ಪಶುವೈದ್ಯರನ್ನು ಕರೆಸಬೇಕು. 12 ಗಂಟೆಯೊಳಗೆ ಮಾಸು ಬೀಳದಿದ್ದರೂ, ಲೆಕ್ಕದ ದಿನ ಕಳೆದು ಎರಡು ವಾರವಾದರೂ ಹಸು ಈಯದಿದ್ದರೂ ಹೀಗೆಯೇ ಮಾಡತಕ್ಕದ್ದು. ಹುಟ್ಟಿದ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕು. ಮಾಸು ಬೀಳಲೆಂದು ಕಾಯಬೇಕಾಗಿಲ್ಲ.

ಇವೆಲ್ಲಕ್ಕೂ ಖರ್ಚಿಲ್ಲ. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಗರ್ಭಧಾರಣೆ, ತಪಾಸಣೆ, ಹಾಲು ಬತ್ತಿಸುವುದು, ಕರು ಹಾಕುವುದು ಎಂಬ ನಾಲ್ಕು ದಿನಗಳನ್ನು ಗುರುತು ಮಾಡಿದರೆ ಸಾಕು. ಮನೆಯವರೆಲ್ಲರ ಕಣ್ಣಿಗೂ ಅದು ಬೀಳುತ್ತಿರುತ್ತದೆ.