ಪಿನ್ ಕೇಳಿದರೆ ಫೋನ್ ಇಟ್ಟುಬಿಡಿ

ದುರ್ಗದ ಸಂತೆಹೊಂಡದ ಕಡೆ ಸೊಪ್ಪು ಕೊಂಡರೂ ಈಗ ಚಿಲ್ಲರೆ ಹುಡುಕಬೇಕಿಲ್ಲ, ಮೊಬೈಲ್ ಇದ್ದರಾಯ್ತು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ಸುದ್ದಿಯೂ ಅದರಲ್ಲೇ ಬರುತ್ತೆ. ಆದರೆ ಕಳ್ಳನೂ ಅದೇ ದಾರಿಯಲ್ಲಿ ಬರ್ತಾನೆ, ಜೋಕೆ!

* 'ಮೇಡಂ, ನಿಮ್ಮ ಕಂತು ನಿಂತಿದೆ, ಒಟಿಪಿ ಹೇಳಿ' ಅಂದರೆ ಮರುಮಾತಾಡದೆ ಫೋನ್ ಇಡಿ. ಬ್ಯಾಂಕಿನವರು ಒಟಿಪಿ ಕೇಳುವುದಿಲ್ಲ.
* ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. 'ಹಣ ಹಾಕ್ತೀವಿ, ಪಿನ್ ಒತ್ತಿ' ಅಂದರೆ ಹೋಗುವುದು ನಿಮ್ಮದೇ ಹಣ.
* ಗುರುತಿಲ್ಲದವರು ಕಳಿಸಿದ ಲಿಂಕ್ ಮುಟ್ಟಬೇಡಿ.

ಅಕಸ್ಮಾತ್ ಮೋಸ ಹೋದಿರಾ? 'ಮನೆಯವರು ಬೈತಾರೆ' ಅಂತ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ, ಕಳ್ಳನ ಕೈ ಸೇರುವ ಮೊದಲೇ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಬೈಗುಳ ಒಂದು ದಿನದ್ದು. ಕೂಡಿಟ್ಟ ದುಡ್ಡು ವರ್ಷಗಳದ್ದು, ಅಲ್ಲವೇ?