ನಿಮಗಿದು ಗೊತ್ತೆ? ನಿಧಾನದ ವಾಹನವೂ ಗೆಲ್ಲಬಲ್ಲ ಓಟ

ಕಂಬಳದ ಜೋಡುಕರೆಯಂತೆ ಅಕ್ಕಪಕ್ಕದ ಎರಡು ನೇರ ಪಥಗಳಲ್ಲಿ ವಾಹನಗಳು ಓಡುವ ಡ್ರ್ಯಾಗ್ ರೇಸ್‌ನ ರೂಢಿಯ ದೂರ ಕಾಲು ಮೈಲಿ, ಅಂದರೆ 1,320 ಅಡಿ. ಚಿಕ್ಕನಾಯಕನಹಳ್ಳಿ ಸೀಮೆಯ ತೋಟವೊಂದರಲ್ಲಿ 30 ಅಡಿಗೊಂದರಂತೆ ನೆಟ್ಟ ತೆಂಗಿನ ಸಾಲಿನಲ್ಲಿ ಇದು ಮೊದಲ ಮರದಿಂದ 45ನೆಯ ಮರದವರೆಗಿನ ಅಂತರ. ಅಮೆರಿಕದ ಹವ್ಯಾಸಿಗಳಲ್ಲಿ ಜನಪ್ರಿಯವಾದ ‘ಬ್ರ್ಯಾಕೆಟ್ ರೇಸಿಂಗ್’ ಪದ್ಧತಿಯಲ್ಲಿ ಪ್ರತಿ ಚಾಲಕನೂ ಈ ದೂರ ಕ್ರಮಿಸಲು ತನ್ನ ವಾಹನಕ್ಕೆ ಬೇಕಾಗುವ ಸಮಯವನ್ನು ಮೊದಲೇ ಘೋಷಿಸಬೇಕು. ಇದಕ್ಕೆ ‘ಡಯಲ್-ಇನ್’ ಎಂದು ಹೆಸರು. ಒಬ್ಬನು 15 ಸೆಕೆಂಡು, ಮತ್ತೊಬ್ಬನು 12 ಸೆಕೆಂಡು ಎಂದರೆ, ಮೊದಲನೆಯವನಿಗೆ ಹಸಿರು ದೀಪ 3 ಸೆಕೆಂಡು ಮುಂಚೆ ಬೆಳಗುತ್ತದೆ. ಘೋಷಿತ ಸಮಯಕ್ಕಿಂತ ಬೇಗ ಗುರಿ ಮುಟ್ಟುವುದು ‘ಬ್ರೇಕ್‌ಔಟ್’ ಎನಿಸಿ ಸಾಮಾನ್ಯವಾಗಿ ಸೋಲನ್ನೇ ತರುವುದರಿಂದ, ಇಲ್ಲಿ ಎಂಜಿನ್ನಿನ ಬಲಕ್ಕಿಂತ ದೀಪ ಕಂಡೊಡನೆ ಹೊರಡುವ ಚುರುಕು ಮತ್ತು ಲೆಕ್ಕ ತಪ್ಪದ ಓಟವೇ ಗೆಲುವನ್ನು ನಿರ್ಧರಿಸುತ್ತವೆ.