ವಿಂಡೋಸ್ ಆಟ, ಲಿನಕ್ಸ್ ಅಂಗಳ

ಅಕ್ಕಲಕೋಟ ತಾಲೂಕಿನ ಹನ್ನೂರಿನ ಕಾಲೇಜು ಹುಡುಗನೊಬ್ಬ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಆಟವನ್ನು ದುಡ್ಡು ಕೊಟ್ಟೇ ಕೊಂಡ ಎನ್ನಿ. ಅವನು ಕೊಂಡ ಪ್ರತಿ ವಿಂಡೋಸ್‌ಗೆಂದು ಬರೆದದ್ದು, ಅವನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಹೇಗೋ ಓಡಿಸಿ ಆಡಿದರೆ ಅದು ಕಳ್ಳತನವೇ? ಖಂಡಿತ ಅಲ್ಲ.

ಈ ಕೆಲಸಕ್ಕಿರುವುದು 1993ರಲ್ಲಿ ಶುರುವಾದ ವೈನ್ ಎಂಬ ತಂತ್ರಾಂಶ. ಉಳಿಸಿಟ್ಟ ಆಟವನ್ನು ತೆರೆಯಲು ಆಟವು ‘ಕ್ರಿಯೇಟ್‌ಫೈಲ್’ ಎಂದು ಕರೆಯುತ್ತದೆ. ಆ ಕರೆಗೆ ವಿಂಡೋಸ್‌ನಲ್ಲಿ ಓಗೊಡುವುದು ಕರ್ನೆಲ್32 ಎಂಬ ಲೈಬ್ರರಿ. ವೈನ್‌ನಲ್ಲೂ ಅದೇ ಹೆಸರಿನ ಲೈಬ್ರರಿ ಇದೆ, ಆದರೆ ಹೊಸದಾಗಿ ಬರೆದದ್ದು. ಅದು ಕರೆಯನ್ನು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ ಕಳಿಸುತ್ತದೆ. ಆಟ ‘ಸಿ ಡ್ರೈವ್’ ಎಂದು ನಂಬಿರುವುದು ಹುಡುಗನ ಹೋಮ್ ಫೋಲ್ಡರಿನೊಳಗೆ ಮರೆಯಾಗಿರುವ ಇನ್ನೊಂದು ಫೋಲ್ಡರ್, ಅಷ್ಟೇ! ಚಿತ್ರ ಬಿಡಿಸುವ ಡೈರೆಕ್ಟ್3ಡಿ ಕರೆಗಳನ್ನು ಡಿಎಕ್ಸ್‌ವಿಕೆ ಎಂಬ ಇನ್ನೊಂದು ತಂತ್ರಾಂಶ ಲಿನಕ್ಸಿನಲ್ಲೂ ನಡೆಯುವ ವಲ್ಕನ್ ಕರೆಗಳಿಗೆ ಬದಲಿಸುತ್ತದೆ. ವೈನ್, ಡಿಎಕ್ಸ್‌ವಿಕೆ ಎರಡನ್ನೂ ಒಟ್ಟುಗೂಡಿಸಿ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಎಂಬ ತಂತ್ರಾಂಶ ಹೊರತಂದಿತು. ವಿಂಡೋಸ್‌ನ ಮೂಲ ಕೋಡ್ ಕಣ್ಣಾರೆ ಕಂಡವರಿಗೆ ವೈನ್‌ಗೆ ಕೋಡ್ ಬರೆಯಲು ಅವಕಾಶವಿಲ್ಲ. ನಕಲಿನ ಸೋಂಕೂ ತಗಲಬಾರದೆಂಬ ಈ ಕಟ್ಟುನಿಟ್ಟು ನನಗೆ ಬಹಳ ಮೆಚ್ಚುಗೆ.

ಪರವಾನಗಿಯ ಕಥೆ ಇನ್ನೂ ಸ್ವಾರಸ್ಯಕರ. ಮೊದಲು ವೈನ್ ಕೋಡನ್ನು ಯಾರು ಬೇಕಾದರೂ ಒಯ್ದು, ತಿದ್ದಿ, ಬೀಗ ಹಾಕಿ ಮಾರಬಹುದಿತ್ತು. ಹಾಗೆ ಮಾಡಿದವರೂ ಇದ್ದರು. ಆದ್ದರಿಂದ 2002ರ ಮಾರ್ಚಿನಲ್ಲಿ ವೈನ್ ಎಲ್‌ಜಿಪಿಎಲ್ ಪರವಾನಗಿಗೆ ಬದಲಾಯಿತು. ಅದರ ಪ್ರಕಾರ ಲೈಬ್ರರಿಯನ್ನೇ ತಿದ್ದಿ ಹಂಚಿದರೆ ಅದು ವ್ಯುತ್ಪನ್ನ ಕೃತಿ, ಅಂದರೆ ಮೂಲದಿಂದ ಹುಟ್ಟಿದ ಕೃತಿ. ತಿದ್ದಿದ ಕೋಡನ್ನೂ ಕೊಡಲೇಬೇಕು. ಲೈಬ್ರರಿಯನ್ನು ಬರೇ ಕರೆಯುವ ಆಟಕ್ಕೆ ಆ ಹೊಣೆಯಿಲ್ಲ. ಲಿನಕ್ಸ್ ಕರ್ನೆಲ್‌ನ ಪರವಾನಗಿ ಕಡತದಲ್ಲೂ ಇಂಥದೇ ಟಿಪ್ಪಣಿ ಇದೆ: ಸಾಮಾನ್ಯ ಸಿಸ್ಟಮ್ ಕರೆಗಳ ಮೂಲಕ ಕರ್ನೆಲ್ ಬಳಸುವ ಪ್ರೋಗ್ರಾಮು ವ್ಯುತ್ಪನ್ನ ಕೃತಿ ಅಲ್ಲ. ಹಾಗಾಗಿ ವೈನ್‌ನ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಆಟದ ಕೋಡ್ ಮಾಲೀಕರ ಬಳಿಯೇ ಭದ್ರವಾಗಿರುತ್ತದೆ. ಒಂದೇ ಯಂತ್ರದಲ್ಲಿ ಎರಡಕ್ಕೂ ತಂಟೆಯಿಲ್ಲ.

ನಮ್ಮ ಕಾನೂನೂ ಇದಕ್ಕೆ ಎಡೆ ಕೊಟ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿಗೆ 1999ರಲ್ಲಿ ತಿದ್ದುಪಡಿ ಬಂತು. ಸ್ವತಂತ್ರವಾಗಿ ರಚಿಸಿದ ಪ್ರೋಗ್ರಾಮು ಇನ್ನೊಂದರ ಜೊತೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದರೆ, ಆ ತಂತ್ರಾಂಶವನ್ನು ನ್ಯಾಯವಾಗಿ ಪಡೆದವರು ಆ ಮಾಹಿತಿಯನ್ನು ಹುಡುಕಿ ತೆಗೆಯುವುದು ಉಲ್ಲಂಘನೆಯಾಗದು.

ಆದರೆ ಆಟದ ಒಪ್ಪಂದವನ್ನು ಓದಿಯೇ ಮುಂದುವರಿಯಿರಿ. ಕೆಲವು ಆನ್‌ಲೈನ್ ಆಟಗಳ ಮೋಸತಡೆ ವ್ಯವಸ್ಥೆ ಲಿನಕ್ಸನ್ನು ಒಳಗೆ ಬಿಡುವುದಿಲ್ಲ. ಬೀಗ ಒಡೆದ ‘ಕ್ರ್ಯಾಕ್’ ಪ್ರತಿಯನ್ನು ಮಾತ್ರ ವೈನ್‌ನಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಹಾಕಿಕೊಳ್ಳಬೇಡಿ. ಪುಣೆಯಲ್ಲಿ ಕೂತು ಆಟ ಕಟ್ಟಿದವರ ದುಡಿಮೆಗೆ ಬೆಲೆ ಸಲ್ಲಲಿ.